ಎತ್ತರದ ಲೆಕ್ಕ

ಕಳೆದ ಭಾನುವಾರ ಸರಿಯಾಗಿ ಊಟದ ಹೊತ್ತಿಗೆ ನನ್ನ ಭಾವಮೈದುನನ ಆಗಮನವಾಯಿತು. ಹುಳಿಯನ್ನ ಮುಗಿದು ಮಜ್ಜಿಗೆಯನ್ನಕ್ಕೆ ಬರುವಷ್ಟರಲ್ಲಿ ಆತನ ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದವೊಂದು ಹೊರಬಂದಿತು. ಬರುವ ಜೂನ್ ತಿಂಗಳಲ್ಲಿ ತಾನೂ ತನ್ನ ಇಬ್ಬರು ಗೆಳೆಯರೂ ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಹೋಗಿ, ಆಂಡಿಸ್ ಪರ್ವತಗಳಲ್ಲಿ ನಡೆದು ಬರುವ ಹನ್ನೆರಡು ದಿನಗಳ ಕಾರ್ಯಕ್ರಮ ಅದರಲ್ಲಿತ್ತು. ಮೊದಲನೆಯ ದಿನ ರಾಜಧಾನಿ ಕ್ವಿಟೊ. ಎರಡನೆಯ ದಿನ ಕೊಟೊಪಾಕ್ಸಿ ಜ್ವಾಲಾಮುಖಿಯ ಮೇಲಿನ ತಂಗುಮನೆ. ನಾಲ್ಕನೆಯ ದಿನ ಚಿಂಬೊರಾಸೊ ಶಿಖರ.

“ಭಾವ, ನೀವು ಒಮ್ಮೆ ನೋಡಿ ಸೈ ಅಂದರೆ ಟಿಕೆಟು ತೆಗೆದುಬಿಡುತ್ತೇವೆ” ಎಂದ.

ಕನ್ನಡದ ಅಧ್ಯಾಪಕನಿಗೂ ಈಕ್ವೆಡಾರಿಗೂ ಎಲ್ಲಿಯ ನಂಟು ಎಂದು ವಾಚಕರು ಕೇಳಬಹುದು. ಭೂಪಟ ನೋಡುವುದು ನನ್ನ ಹಳೆಯ ಚಟ. ತಿದ್ದುವುದು ನನ್ನ ಕಸುಬು. ಎರಡೂ ಕೂಡಿದ ಮೇಲೆ ಸುಮ್ಮನಿರುವುದು ಹೇಗೆ? ಕೈತೊಳೆದು ಬಂದವನೇ ಕೆಂಪು ಪೆನ್ಸಿಲು ಹಿಡಿದು ಕುಳಿತೆ.

ಪಟ್ಟಿಯಲ್ಲಿ ದಿನಗಳಿದ್ದವು, ದೂರವಿತ್ತು, ಖರ್ಚಿನ ಅಂದಾಜೂ ಇತ್ತು. ಎತ್ತರವೊಂದು ಮಾತ್ರ ಇರಲಿಲ್ಲ. ನಾನು ಅದನ್ನು ಪ್ರತಿ ಸಾಲಿನ ಅಂಚಿನಲ್ಲಿ ಬರೆಯುತ್ತ ಹೋದೆ. ಕ್ವಿಟೊ, 2,850 ಮೀಟರು. ಕೊಟೊಪಾಕ್ಸಿಯ ತಂಗುಮನೆ, ಸುಮಾರು 4,800. ಚಿಂಬೊರಾಸೊ, 6,263. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ 2,000 ಮೀಟರನ್ನೂ ಮುಟ್ಟುವುದಿಲ್ಲ. ಅದರ ನೆತ್ತಿಯ ಮೇಲೆ ನಿಂತು ‘ಗೆದ್ದೆ’ ಎಂದು ಬೀಗುವವನಿಗಿಂತ, ಕ್ವಿಟೊದ ಬೀದಿಯಲ್ಲಿ ತರಕಾರಿ ಕೊಳ್ಳುವ ಗೃಹಿಣಿ 900 ಮೀಟರಿಗೂ ಹೆಚ್ಚು ಮೇಲಿರುತ್ತಾಳೆ! ಬೆಂಗಳೂರಿನಿಂದ ಹೊರಟವನು ಅಲ್ಲಿ ವಿಮಾನದಿಂದಿಳಿದು, ಮರುದಿನವೇ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚಿರುವ ಜಾಗದಲ್ಲಿ ಮಲಗುವುದೆಂದರೆ, ದೇಹವನ್ನು ಕೇಳದೆ ದೇಹದ ಪರವಾಗಿ ರುಜು ಹಾಕಿದಂತೆ.

ನನ್ನಾಕೆ ಅಡಕೆ ತಟ್ಟೆಯನ್ನು ತಂದಿಟ್ಟು, ಪಟ್ಟಿಯ ಮೇಲೊಮ್ಮೆ ಕಣ್ಣಾಡಿಸಿ, “ಇದರಲ್ಲಿ ತಲೆನೋವಿಗೆ ಯಾವ ದಿನ ಇಟ್ಟಿದ್ದೀಯೋ?” ಎಂದು ತಮ್ಮನನ್ನು ಕೇಳಿದಳು. ಆತ ನಕ್ಕ. ನನಗೆ ನಗು ಬರಲಿಲ್ಲ.

ಕೆಲವು ವರ್ಷಗಳ ಹಿಂದೆ ಕಾಲೇಜಿನ ಹುಡುಗರನ್ನು ಕರೆದುಕೊಂಡು ಹಿಮಾಲಯಕ್ಕೆ ಹೋಗಿದ್ದೆ. ಪಟ್ಟಿ ನನ್ನದೇ, ಒಂದು ದಿನ ಉಳಿಸುವ ಆಸೆಯಿಂದ ಎರಡು ನಡಿಗೆಗಳನ್ನು ಒಂದಾಗಿ ಹೆಣೆದಿದ್ದೆ. ಒಬ್ಬ ಹುಡುಗ ಬೆಳಗಿನಿಂದ ತಲೆ ಸಿಡಿಯುತ್ತಿದ್ದರೂ, ಮೇಷ್ಟರ ಕಾರ್ಯಕ್ರಮ ಕೆಟ್ಟೀತೆಂದು ಬಾಯಿ ಬಿಡಲಿಲ್ಲ. ಸಂಜೆ ಅವನು ಡೇರೆಯಿಂದ ಹೊರಬಂದು ಕುಡಿದವನಂತೆ ತೂರಾಡುತ್ತ ನಡೆದಾಗಲೇ ನನಗೆ ಅರಿವಾದದ್ದು. ಆ ಸ್ಥಿತಿಗೆ ಖಚಿತವಾದ ಮದ್ದು ಒಂದೇ, ಕೆಳಗಿಳಿಯುವುದು. ಇಬ್ಬರು ಹಮಾಲರು ಸರದಿಯಂತೆ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಕತ್ತಲಲ್ಲಿ ಇಳಿದರು. ನಾನು ಹಿಂದೆ ದೀಪ ಹಿಡಿದು ನಡೆದೆ. ಬೆಳಗಾಗುವ ವೇಳೆಗೆ ಅವನು ನೀರು ಕೇಳಿದ. ಆ ನೀರು ಕೇಳಿದ ದನಿ ಇಂದಿಗೂ ನನ್ನ ಕಿವಿಯಲ್ಲಿದೆ. ಈಗ ಅವನು ಎರಡು ಮಕ್ಕಳ ತಂದೆ. ದೀಪಾವಳಿಗೆ ತಪ್ಪದೆ ಪತ್ರ ಬರೆಯುತ್ತಾನೆ. ಆ ಪತ್ರ ಒಡೆಯುವಾಗ ಪ್ರತಿ ಸಲವೂ ನನ್ನ ಕೈ ಸ್ವಲ್ಪ ತಡೆಯುತ್ತದೆ.

ಇದನ್ನು ಭಾವಮೈದುನನಿಗೆ ಆ ತನಕ ಹೇಳಿರಲಿಲ್ಲ. ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಚಿಂಬೊರಾಸೊ ಬಿಟ್ಟು ಅಷ್ಟು ದೂರ ಹೋಗುವುದಾದರೂ ಯಾತಕ್ಕೆ, ಭಾವ?” ಎಂದ.

ನ್ಯಾಯವಾದ ಪ್ರಶ್ನೆಯೇ. ಚಿಂಬೊರಾಸೊ ಸಾಮಾನ್ಯ ಬೆಟ್ಟವಲ್ಲ. ಭೂಮಿ ತನ್ನ ನಡುವಿನಲ್ಲಿ ಉಬ್ಬಿರುವುದರಿಂದ, ಭೂಮಧ್ಯರೇಖೆಯ ಹತ್ತಿರವಿರುವ ಈ ಶಿಖರದ ತುದಿ ಭೂಗರ್ಭದ ಕೇಂದ್ರದಿಂದ ಎವರೆಸ್ಟಿಗಿಂತಲೂ ಸುಮಾರು ಎರಡು ಕಿಲೋಮೀಟರು ದೂರದಲ್ಲಿದೆ. 1802ರ ಜೂನ್ 23ರಂದು ಅಲೆಕ್ಸಾಂಡರ್ ಹಂಬೋಲ್ಟ್ ಇದನ್ನೇರಲು ಹೊರಟಾಗ, ಜಗತ್ತಿನ ಅತ್ಯಂತ ಎತ್ತರದ ಪರ್ವತವೇ ಇದೆಂದು ವಿದ್ವಾಂಸರು ನಂಬಿದ್ದರು. ಜೊತೆಗೆ ಸಸ್ಯಶಾಸ್ತ್ರಜ್ಞ ಬೊಂಪ್ಲಾನ್, ಕ್ವಿಟೊದ ತರುಣ ಮೊಂಟುಫಾರ್. ಒಸಡುಗಳಲ್ಲಿ ರಕ್ತ ಜಿನುಗಿತು, ತಲೆ ಸುತ್ತಿತು; ಸುಮಾರು 5,800 ಮೀಟರಿನಲ್ಲಿ ದಾಟಲಾಗದ ಕಂದರವೊಂದು ಎದುರಾಗಿ ಅವರು ಹಿಂತಿರುಗಿದರು. ಶಿಖರವನ್ನು ಮೊದಲು ಮುಟ್ಟಿದವನು ಆಂಗ್ಲ ಆರೋಹಿ ವಿಂಪರ್; ಅದು 1880ರಲ್ಲಿ, ಇಟಲಿಯ ಇಬ್ಬರು ಕ್ಯಾರೆಲ್‌ಗಳ ಸಹಾಯದಿಂದ. ಆದರೆ ಮುಟ್ಟದೆ ಬಂದ ಹಂಬೋಲ್ಟನೇ 1807ರಲ್ಲಿ ಪ್ರಸಿದ್ಧವಾದ ಚಿತ್ರವೊಂದನ್ನು ಪ್ರಕಟಿಸಿದ. ಅದರಲ್ಲಿ ಚಿಂಬೊರಾಸೊ ಪರ್ವತವನ್ನು ಸೀಳಿದಂತೆ ತೋರಿಸಿ, ಯಾವ ಎತ್ತರದಲ್ಲಿ ಯಾವ ಸಸ್ಯ ಬೆಳೆಯುತ್ತದೆಂದು ಹೆಸರು ಹೆಸರಾಗಿ ಬರೆದಿದ್ದಾನೆ.

“ನೀನು ನೋಡಬೇಕಾದ್ದು ಆ ಚಿತ್ರವನ್ನು, ಅದರೊಳಗೆ ನಡೆದು” ಎಂದೆ.

ಈಕ್ವೆಡಾರಿನ ಸಿರಿಯ ಗುಟ್ಟು ಇರುವುದೂ ಅಲ್ಲಿಯೇ. ವಿಸ್ತೀರ್ಣದಲ್ಲಿ ಭಾರತದ ಹತ್ತನೆಯ ಒಂದು ಪಾಲಿಗೂ ಕಡಿಮೆಯಾದ ಈ ದೇಶದಲ್ಲಿ 1,600ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ನಮ್ಮಲ್ಲಿ ಸುಮಾರು 1,350. ಉಷ್ಣವಲಯದ ಬಿಸಿಲಿನಲ್ಲಿ ಮಹಾಪರ್ವತ ಎದ್ದು ನಿಂತಾಗ ಕೆಲವು ನೂರು ಮೀಟರಿಗೊಮ್ಮೆ ಹವೆ ಬದಲಾಗುತ್ತದೆ, ಅದರೊಡನೆ ಗಿಡ ಬದಲಾಗುತ್ತದೆ, ಗಿಡದೊಡನೆ ಹಕ್ಕಿ. ಮಿಂದೊ ಎಂಬಲ್ಲಿ, ಸುಮಾರು 1,250 ಮೀಟರಿನಲ್ಲಿ, ಮೋಡ ಮರಗಳ ನಡುವೆಯೇ ವಾಸಿಸುತ್ತದೆ. ಕೊಂಬೆಕೊಂಬೆಗೂ ಸೀತಾಳೆ, ಹೂವಿಗೊಂದು ಝೇಂಕಾರದ ಹಕ್ಕಿ. 3,500 ಮೀಟರು ದಾಟಿದರೆ ಮರಗಳು ಹಿಂದುಳಿದು ‘ಪಾರಮೊ’ ಎಂಬ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಅದು ಮಂಜನ್ನೂ ಮಳೆಯನ್ನೂ ಹೀರಿ ಹಿಡಿದುಕೊಂಡು ಕ್ವಿಟೊ ನಗರಕ್ಕೆ ನೀರುಣಿಸುವ ಹಸಿರು ಹತ್ತಿ. ಅಲ್ಲಿಯ ಕೊರೆಯುವ ಚಳಿಯಲ್ಲಿಯೂ ಝೇಂಕಾರದ ಹಕ್ಕಿಯ ಒಂದು ಜಾತಿಯಿದೆ: ಹಗಲು ಚುಕಿರಾಗುವ ಎಂಬ ಕಿತ್ತಳೆಬಣ್ಣದ ಹೂವಿನ ಮಧು ಕುಡಿದು, ರಾತ್ರಿ ಮೈಯ ಕಾವನ್ನು ತಾನೇ ತಗ್ಗಿಸಿಕೊಂಡು ಜಡವಾಗಿ ಕುಳಿತು, ಬೆಳಗಿಗೆ ಮತ್ತೆ ಜೀವ ತುಂಬಿಕೊಳ್ಳುತ್ತದೆ. ಕೆಲವೇ ಗ್ರಾಂ ತೂಗುವ ಪ್ರಾಣಿಗೆ ಇರುವ ಈ ವಿವೇಕ ಮೂವರು ಇಂಜಿನಿಯರುಗಳಿಗೆ ಇರಬಾರದೆ?

ಸಂಜೆಯ ಕಾಫಿಯ ವೇಳೆಗೆ ಹೊಸ ಪಟ್ಟಿ ಸಿದ್ಧವಾಯಿತು. 3,000 ಮೀಟರಿನ ಮೇಲೆ, ಹಿಂದಿನ ರಾತ್ರಿ ಮಲಗಿದ್ದಕ್ಕಿಂತ 500 ಮೀಟರಿಗಿಂತ ಹೆಚ್ಚು ಮೇಲೆ ಮಲಗಕೂಡದು. ಕ್ವಿಟೊದಲ್ಲಿ ಒಂದೇ ರಾತ್ರಿ ಕಳೆದು ಮಿಂದೊಗೆ ಇಳಿಯುವುದು. ಎರಡು ದಿನ ಹಕ್ಕಿಗಳೊಡನೆ. ಮತ್ತೆ ಕ್ವಿಟೊ, ಎರಡು ದಿನ ವಿಶ್ರಾಂತಿ. ಆಮೇಲೆ ಸಿಗ್‌ಚೋಸ್ ಎಂಬ ಊರಿನಿಂದ ಇಸಿನ್ಲಿವಿ, ಚುಗ್‌ಚಿಲಾನ್ ಹಳ್ಳಿಗಳ ಮೂಲಕ, ತೋಆಚಿ ನದಿಯ ಕಮರಿಗೆ ಇಳಿದು ಏರಿ, ಮೂರನೆಯ ದಿನ ಸುಮಾರು 3,900 ಮೀಟರಿನಲ್ಲಿರುವ ಕಿಲೊಟೋವದ ಅಂಚು. ಅಲ್ಲಿ ಜ್ವಾಲಾಮುಖಿಯ ಬಾಯಲ್ಲಿ ಹಸಿರು ಸರೋವರ! ಇದೇ ದಾರಿಯನ್ನು ತಿರುವುಮುರುವಾಗಿ ನಡೆಯುವವರೂ ಉಂಟು; ಹಾಗೆ ಮಾಡಿದರೆ ಅತ್ಯಂತ ಎತ್ತರದ ರಾತ್ರಿಯೇ ಮೊದಲು ಬರುತ್ತದೆ. ಪರ್ವತಪ್ರದೇಶಕ್ಕೆ ಜೂನಿನಿಂದ ಸೆಪ್ಟೆಂಬರು ಒಣಗಾಲವಾದ್ದರಿಂದ ತಿಂಗಳ ಆಯ್ಕೆಗೆ ನಾನು ಗೆರೆ ಎಳೆಯಲಿಲ್ಲ. ಆದರೆ ಭೂಮಧ್ಯರೇಖೆಯಲ್ಲಿ ವರ್ಷವಿಡೀ ಹಗಲು ಹನ್ನೆರಡೇ ಗಂಟೆ; ಮಧ್ಯಾಹ್ನದ ಮೇಲೆ ಮೋಡ ಕವಿಯುವುದೇ ಹೆಚ್ಚು. ಆರಕ್ಕೆ ಹೊರಟು ಎರಡರೊಳಗೆ ಊರು ಸೇರಬೇಕು.

ಉಳಿದ ಎರಡು ಮಾತುಗಳನ್ನು ಕೆಳಗೆ ಬರೆದೆ. ಹಳದಿಜ್ವರದ ಚುಚ್ಚುಮದ್ದನ್ನು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಳ್ಳತಕ್ಕದ್ದು. ಅದಿಲ್ಲದೆ ಆ ದೇಶದಿಂದ ಹಿಂದಿರುಗಿದವರನ್ನು ನಮ್ಮ ವಿಮಾನನಿಲ್ದಾಣದಲ್ಲಿಯೇ ತಡೆದಿರಿಸಬಹುದು. ಎರಡನೆಯದು: 2024ರ ಜನವರಿಯಲ್ಲಿ ಅಲ್ಲಿಯ ಸರ್ಕಾರ ಮಾದಕವಸ್ತುಗಳ ತಂಡಗಳ ವಿರುದ್ಧ ಸಶಸ್ತ್ರ ಸಂಘರ್ಷವನ್ನೇ ಘೋಷಿಸಿತು. ಕರಾವಳಿಯ ಪಟ್ಟಣಗಳು ಪಟ್ಟಿಯಲ್ಲಿ ಬೇಡ. ಹೊರಡುವ ವಾರ ಸರ್ಕಾರಿ ಎಚ್ಚರಿಕೆಗಳನ್ನು ಓದದೆ ಪೆಟ್ಟಿಗೆ ಕಟ್ಟಬೇಡ.

ಕೊನೆಯ ಎರಡು ದಿನಗಳನ್ನು ಖಾಲಿ ಬಿಟ್ಟಿದ್ದೆ. ಭಾವಮೈದುನ ಪೆನ್ಸಿಲು ಕೇಳಿ ತೆಗೆದುಕೊಂಡು, ಹನ್ನೊಂದನೆಯ ದಿನದ ಮುಂದೆ ‘ಚಿಂಬೊರಾಸೊ, ತಂಗುಮನೆಯವರೆಗೆ ಹೋಗಿ ಅಂದೇ ಕೆಳಗೆ’ ಎಂದು ಸಣ್ಣಗೆ ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಹಾಕಿದ. ಅವನಕ್ಕ ಆ ಕಾಗದದ ನಕಲನ್ನು ಪಂಚಾಂಗದ ಪಕ್ಕದ ಮೊಳೆಗೆ ಸಿಕ್ಕಿಸಿದ್ದಾಳೆ.