ಸಮಾಸ ಬಲ್ಲವರಿಗೆ ಇಂಗ್ಲಿಷ್ ಪದಗಳ ಭಯವೇಕೆ?

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿ.ಯು.ಸಿ.ಯಲ್ಲಿ ವಿಜ್ಞಾನ ಆರಿಸಿಕೊಂಡ ಮಕ್ಕಳಿಗೆ ಮೊದಲ ಕೆಲವು ತಿಂಗಳು ಅಗ್ನಿಪರೀಕ್ಷೆಯೇ ಸರಿ. ಅವರಿಗೆ ವಿಷಯ ಗೊತ್ತು, ಅದರ ಇಂಗ್ಲಿಷ್ ಹೆಸರು ಮಾತ್ರ ಗೊತ್ತಿಲ್ಲ. ‘ನೆಲದ ಮೇಲೂ ನೀರಿನಲ್ಲೂ ಬದುಕುವ ಪ್ರಾಣಿ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟು ಅರ್ಧ ದಾರಿಯಲ್ಲೇ ನಿಂತುಬಿಡುತ್ತಾರೆ. ಅಷ್ಟರಲ್ಲಿ ಪಕ್ಕದ ಬೆಂಚಿನ ಹುಡುಗ ‘ಆಂಫಿಬಿಯನ್’ ಎಂದು ಒಂದೇ ಪದದಲ್ಲಿ ಮುಗಿಸಿ ಕೂತಿರುತ್ತಾನೆ. ಇಂಥದ್ದು ನಾಲ್ಕು ಬಾರಿ ನಡೆದರೆ ಸಾಕು, ಜಾಣ ಮಕ್ಕಳೂ ಕೈ ಎತ್ತುವುದನ್ನು ಬಿಡುತ್ತಾರೆ. ‘ವಿಜ್ಞಾನ ನಮ್ಮ ಮಗನಿಗೆ ಆಗಿಬರುವುದಿಲ್ಲ’ ಎಂದು ಮನೆಯವರೂ ತೀರ್ಮಾನಿಸಿಬಿಡುತ್ತಾರೆ.

ವಾಸ್ತವವಾಗಿ ಈ ವಿದ್ಯೆ ಕನ್ನಡದ ಮಕ್ಕಳಿಗೆ ಹೊಸದೇನಲ್ಲ. ಸಮಾಸದ ಪಾಠ ನೆನಪಿದೆಯೇ? ‘ಹಣೆಯಲ್ಲಿ ಕಣ್ಣು ಉಳ್ಳವನು ಯಾರೋ ಅವನು’ ಎಂಬುದು ವಿಗ್ರಹವಾಕ್ಯ, ‘ಹಣೆಗಣ್ಣ’ ಎಂಬುದು ಸಮಸ್ತಪದ. ಇಂಗ್ಲಿಷ್ ವ್ಯಾಕರಣದ ಪುಸ್ತಕಗಳಲ್ಲಿ ‘ಒನ್ ವರ್ಡ್ ಸಬ್‌ಸ್ಟಿಟ್ಯೂಷನ್’ ಎಂದು ಹೆದರಿಸುವ ಪಾಠ ಬಹುಮಟ್ಟಿಗೆ ಇದೇ. ನಾವು ಸಂಸ್ಕೃತದಿಂದ ತುಣುಕುಗಳನ್ನು ತಂದ ಹಾಗೆ ಅವರು ಗ್ರೀಕ್, ಲ್ಯಾಟಿನ್‌ನಿಂದ ತಂದರು. ‘ಆಂಫಿ’ ಎಂದರೆ ಎರಡೂ, ‘ಬಯೋಸ್’ ಎಂದರೆ ಜೀವನ. ನಮ್ಮ ‘ಉಭಯವಾಸಿ’ಯನ್ನು ಬಿಡಿಸಿದಂತೆಯೇ ಅಲ್ಲವೇ?

ಅಂಗಡಿಯಲ್ಲಿ ಸಿಗುವ ಗೈಡುಗಳಲ್ಲಿ ಇಂಥ ಪದಗಳನ್ನು ಅಕಾರಾದಿಯಾಗಿ ಪಟ್ಟಿ ಮಾಡಿರುತ್ತಾರೆ. ಹಾಗೆ ಉರು ಹೊಡೆದದ್ದು ಆಷಾಢದ ಗಾಳಿಗೆ ಹಾರಿಹೋಗುತ್ತದೆ. ಪದಗಳನ್ನು ಕುಟುಂಬ ಸಮೇತ ಪರಿಚಯ ಮಾಡಿಕೊಳ್ಳಿ. ಲ್ಯಾಟಿನ್‌ನಲ್ಲಿ ‘ವೊರಾರೆ’ ಎಂದರೆ ನುಂಗುವುದು. ಗಿಡ ತಿನ್ನುವ ಹಸು ಹರ್ಬಿವೋರಸ್, ಮಾಂಸ ತಿನ್ನುವ ಹುಲಿ ಕಾರ್ನಿವೋರಸ್, ಎರಡನ್ನೂ ಬಿಡದ ಕಾಗೆ ಆಮ್ನಿವೋರಸ್, ಕೀಟ ಹಿಡಿಯುವ ಡ್ರಾಸೆರಾ ಗಿಡ ಇನ್ಸೆಕ್ಟಿವೋರಸ್. ಆದರೆ ಒಂದು ಎಚ್ಚರಿಕೆ. ಕನ್ನಡದಲ್ಲಿ ಹಸುವೂ ಸಸ್ಯಾಹಾರಿ, ಪಕ್ಕದ ಮನೆಯ ಮೇಷ್ಟ್ರೂ ಸಸ್ಯಾಹಾರಿ. ಇಂಗ್ಲಿಷಿನಲ್ಲಿ ಮೇಷ್ಟ್ರು ‘ವೆಜಿಟೇರಿಯನ್’. ಅವರನ್ನು ಹರ್ಬಿವೋರಸ್ ಎಂದರೆ ಕೊಟ್ಟಿಗೆಯಲ್ಲಿ ಕಟ್ಟಿದಂತಾದೀತು!

ಮೇಲಿನ ‘ಆಮ್ನಿ’ ಎಂದರೆ ಸರ್ವ. ಸರ್ವಶಕ್ತ ಆಮ್ನಿಪೊಟೆಂಟ್, ಸರ್ವವ್ಯಾಪಿ ಆಮ್ನಿಪ್ರೆಸೆಂಟ್, ಸರ್ವಜ್ಞ ಆಮ್ನಿಸಿಯಂಟ್. ‘ಆಮ್ನಿಬಸ್’ ಎಂದರೆ ‘ಎಲ್ಲರಿಗಾಗಿ’. ಲಂಡನ್ನಿನಲ್ಲಿ 1829ರಲ್ಲಿ ಓಡತೊಡಗಿದ ಸಾರ್ವಜನಿಕ ಕುದುರೆಗಾಡಿಗೆ ಈ ಹೆಸರಿತ್ತು. ಮುಂದೆ ಜನರ ಬಾಯಲ್ಲಿ ತಲೆ ಕಳೆದುಕೊಂಡು ಬಾಲ ಮಾತ್ರ ಉಳಿಯಿತು. ನೀವು ದಿನಾ ಹತ್ತುವ ‘ಬಸ್’ ಆ ಬಾಲವೇ.

ಕುಟುಂಬವನ್ನು ನಂಬಿ ಕಣ್ಣು ಮುಚ್ಚಿಕೊಂಡು ನಡೆಯುವಂತೆಯೂ ಇಲ್ಲ. ಕರಗುವುದು ಸಾಲ್ಯುಬಲ್, ಕರಗದ್ದು ಇನ್‌ಸಾಲ್ಯುಬಲ್. ಇದೇ ಲೆಕ್ಕದಲ್ಲಿ, ಪೆಟ್ರೋಲ್ ಟ್ಯಾಂಕರಿನ ಹಿಂದೆ ಬರೆದ ‘ಇನ್‌ಫ್ಲೇಮಬಲ್’ ಎಂದರೆ ‘ಹೊತ್ತಿಕೊಳ್ಳದ್ದು’ ಎಂದು ತಿಳಿದರೆ ಕೆಟ್ಟಿರಿ! ಅಲ್ಲಿನ ‘ಇನ್’ ನಿಷೇಧವಲ್ಲ. ‘ಇನ್‌ಫ್ಲೇಮ್’ ಎಂದರೆ ಉರಿ ಹೊತ್ತಿಸು, ಆದ್ದರಿಂದ ಅದು ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ಫ್ಲೇಮಬಲ್ ಎಂದರೂ ಅದೇ ಅರ್ಥ. ಹೊತ್ತಿಕೊಳ್ಳದ್ದಕ್ಕೆ ‘ನಾನ್‌ಫ್ಲೇಮಬಲ್’ ಎನ್ನಬೇಕು. ಪ್ರಯೋಗಾಲಯದ ಸ್ಪಿರಿಟ್ ಬಾಟಲಿಯ ಮುಂದೆ ನಿಂತಾಗ ಈ ಒಂದು ಪದ ಅಂಕಗಳಿಗಿಂತ ಮುಖ್ಯ.

ಬೈಆನ್ಯುಯಲ್ ಎಂದರೆ ವರ್ಷಕ್ಕೆ ಎರಡು ಬಾರಿ, ಬೈಎನ್ನಿಯಲ್ ಎಂದರೆ ಎರಡು ವರ್ಷಕ್ಕೊಮ್ಮೆ. ಕ್ಯಾರೆಟ್ ನೆನಪಿಟ್ಟುಕೊಳ್ಳಿ. ಅದು ಬೈಎನ್ನಿಯಲ್ ಸಸ್ಯ: ಕೀಳದೆ ಬಿಟ್ಟರೆ ಸಾಮಾನ್ಯವಾಗಿ ಮೊದಲ ವರ್ಷ ಗಡ್ಡೆ, ಎರಡನೆಯ ವರ್ಷ ಹೂವು, ಬೀಜ, ಅಲ್ಲಿಗೆ ಆಯುಷ್ಯ ಮುಗಿಯಿತು.

ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಗೆ 1966ರಲ್ಲಿ ಭಾರತರತ್ನ ದೊರೆತದ್ದು ‘ಪಾಸ್ಟ್ಯುಮಸ್’ ಆಗಿ, ಅಂದರೆ ಮರಣೋತ್ತರವಾಗಿ. ಈ ಪದದ ಕಾಗುಣಿತದ ನಡುವೆ ‘ಎಚ್’ ಇದೆ, ಉಚ್ಚಾರದಲ್ಲಿ ಇಲ್ಲ. ಮೂಲ ಲ್ಯಾಟಿನ್‌ನಲ್ಲೂ ಅದು ಇರಲಿಲ್ಲ. ‘ಹ್ಯೂಮಸ್’ ಅಂದರೆ ಮಣ್ಣು ಎಂಬ ಪದದ ನಂಟು ಕಲ್ಪಿಸಿ ಯಾರೋ ಪಂಡಿತರು ಸೇರಿಸಿಬಿಟ್ಟರು. ಪಂಡಿತರ ಕೃಪೆ, ಮಕ್ಕಳಿಗೆ ಶಿಕ್ಷೆ.

ಪೋಷಕರಲ್ಲಿ ಒಂದು ಬಿನ್ನಹ. ಮಗಳು ರಜಾ ಅರ್ಜಿಯಲ್ಲಿ ‘ನನ್ನ ಆಕ್ಟೊಜೆನೇರಿಯನ್ ಅಜ್ಜಿ’ ಎಂದು ಬರೆದರೆ ಬೆನ್ನು ತಟ್ಟಬೇಡಿ. ಅಜ್ಜಿಗೆ ಎಂಬತ್ತು ದಾಟಿದೆ ಎಂದು ಸರಳವಾಗಿ ಬರೆದರೆ ಸಾಕು. ವಿಜ್ಞಾನದ ಉತ್ತರದಲ್ಲಿ ‘ಬೆಳಕನ್ನು ಸ್ವಲ್ಪ ಮಾತ್ರ ಬಿಡುವ ವಸ್ತು’ ಎಂದು ಉದ್ದಕ್ಕೆ ಬರೆಯುವ ಬದಲು ‘ಟ್ರಾನ್ಸ್‌ಲೂಸೆಂಟ್’ ಎಂದರೆ ಮಾತ್ರ ಖಂಡಿತ ತಟ್ಟಿ.

ಮುಂದಿನ ವಾರಕ್ಕೆ ಮೂರು ಪ್ರಶ್ನೆ. ರಾತ್ರಿ ಹೊತ್ತು ಚಟುವಟಿಕೆಯಿಂದಿರುವ ಪ್ರಾಣಿಗೆ ಏನೆನ್ನುತ್ತಾರೆ? ಓದಲಾಗದ ಕೈಬರಹಕ್ಕೆ? ಹದಿನಾಲ್ಕು ರಾತ್ರಿಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ ಪದ ಯಾವುದು? ನಿಘಂಟು ತೆರೆಯುವ ಮೊದಲು ಮನೆಯಲ್ಲಿ ಎಲ್ಲರೂ ಕೂತು ಊಹಿಸಿ ನೋಡಿ.