ದಾರಿ ಗೊತ್ತಿರುವುದೂ ಒಂದು ಆಸ್ತಿ

ಎಸ್ಸೆಸ್ಸೆಲ್ಸಿ ರಿಸಲ್ಟು ಬಂದ ದಿನ ಊರಿನಲ್ಲಿ ಕೇಳುವುದೂ ಕೇರಿಯಲ್ಲಿ ಕೇಳುವುದೂ ಒಂದೇ ಪ್ರಶ್ನೆ. "ಮುಂದೇನು?"

ಊರಿನ ದೊಡ್ಡ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಗ ಹುಟ್ಟುವ ಮುಂಚೆಯೇ ತಯಾರಾಗಿರುತ್ತದೆ. ಚಿಕ್ಕಪ್ಪ ಇಂಜಿನಿಯರು, ಸೋದರಮಾವ ಡಾಕ್ಟರು, ಅತ್ತೆ ಮಗ ಅಮೆರಿಕದಲ್ಲಿ. ಯಾವ ಪರೀಕ್ಷೆ, ಯಾವ ತಿಂಗಳು, ಯಾವ ಕಾಲೇಜು, ಯಾವ ಟ್ಯೂಷನ್ನು, ಎಲ್ಲ ಊಟದ ಎಲೆ ಮುಂದೆಯೇ ತೀರ್ಮಾನ. ನಮ್ಮ ಜನತಾ ಮನೆಯ ಜಗಲಿಯಲ್ಲಿ ಅವ್ವ ಕೇಳುತ್ತಾಳೆ: "ಮುಂದ್ಕೆ ಏನ್ ಓದ್ತೀಯ ಮಗಾ?" ನಾವು ನೆಲ ನೋಡುತ್ತೇವೆ. ಅವ್ವನಿಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ, ನಮಗಂತೂ ಗೊತ್ತೇ ಇಲ್ಲ. ಕೊನೆಗೆ ಗೆಳೆಯ ಯಾವ ಅರ್ಜಿ ತುಂಬಿದನೋ ಅದನ್ನೇ ನಾವೂ ತುಂಬುತ್ತೇವೆ. ಬಸ್ಸು ಯಾವ ಪೇಟೆಗೆ ಹೋಗುತ್ತದೋ ಆ ಪೇಟೆಯ ಕಾಲೇಜೇ ನಮ್ಮ ಕಾಲೇಜು.

ಭೂಮಿಗೆ ಪಹಣಿ ಇದೆ. ಯಾರ ಹೆಸರಿನಲ್ಲಿ ಎಷ್ಟು ಎಕರೆ ಅಂತ ತಾಲ್ಲೂಕು ಕಚೇರಿಯಲ್ಲಿ ತೆಗೆದು ನೋಡಬಹುದು. ದಾರಿಯ ತಿಳಿವಳಿಕೆಗೆ ಪಹಣಿ ಇಲ್ಲ. ಅದು ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಸದ್ದಿಲ್ಲದೆ ಖಾತೆ ಬದಲಾಗುತ್ತದೆ. 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಡಿಸಿತು. ಈ ಆಸ್ತಿಯನ್ನು ಯಾವ ಸುಧಾರಣೆಯೂ ಇನ್ನೂ ಮುಟ್ಟಿಲ್ಲ. ಇದನ್ನು ಮನೆಯಲ್ಲೇ ಕೂಡಿಟ್ಟುಕೊಂಡವರು ಆಮೇಲೆ ಇದಕ್ಕೆ "ಪ್ರತಿಭೆ" ಅಂತ ಹೆಸರಿಟ್ಟು ನಮ್ಮ ಮುಂದೆ ಆಡಿಸುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಕೆಲಸಕ್ಕೂ ಜಾತಿ ಇತ್ತು. ಶ್ಯಾನುಭೋಗಿಕೆ ಅವರ ಮನೆಗೆ, ತೋಟಿಕೆ ನಮ್ಮ ಕೇರಿಗೆ. ಲೆಕ್ಕದ ಪುಸ್ತಕ ಅವರ ಕಂಕುಳಲ್ಲಿ, ತಮಟೆ ನಮ್ಮ ಹೆಗಲಲ್ಲಿ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯಿದೆ ರದ್ದು ಮಾಡಿತು. ಇವತ್ತು ಆ ಲೆಕ್ಕದ ಪುಸ್ತಕ ಹಿಡಿಯುವ ಗ್ರಾಮ ಆಡಳಿತ ಅಧಿಕಾರಿಯಾಗಲು ಪಿಯುಸಿ ಪಾಸಾಗಿ ಪರೀಕ್ಷೆ ಬರೆದರೆ ಸಾಕು, ಯಾರ ಮಗ ಅಂತ ಕೇಳುವಂತಿಲ್ಲ. ಕಾಗದದ ಮೇಲೆ ಹುಟ್ಟಿನ ಬೀಗ ಒಡೆದಿದೆ. ಆದರೆ ಬಾಗಿಲು ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆಯುತ್ತದೆ, ಒಳಗೆ ಹೋಗಲು ಏನು ಕೈಯಲ್ಲಿರಬೇಕು, ಇದನ್ನು ಹೇಳುವವರು ಕೇರಿಯಲ್ಲಿಲ್ಲ. ಆದ್ದರಿಂದ ಈ ಸಲ ಘೋಷಣೆ ಸ್ವಲ್ಪ ಬದಿಗಿಟ್ಟು ಬಾಗಿಲುಗಳ ಲೆಕ್ಕ ಮಾತಾಡೋಣ.

ಮೊದಲ ಬೀಗ ಬೀಳುವುದು ಹದಿನಾರನೇ ವಯಸ್ಸಿಗೆ. "ನಿಮಗೆಲ್ಲ ಆರ್ಟ್ಸ್ ಸಾಕು ಕಣ್ರೋ, ಗಣಿತ ನಿಮ್ಮ ತಲೆಗೆ ಹತ್ತಲ್ಲ" ಎನ್ನುವ ಮಾತನ್ನು ನಮ್ಮಲ್ಲಿ ಎಷ್ಟು ಜನ ಕೇಳಿಲ್ಲ? ಆರ್ಟ್ಸ್ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ನಾವೇ ಆರ್ಟ್ಸ್ ಓದಿದವರು. ಆದರೆ ಆರಿಸಿಕೊಂಡು ಓದುವುದು ಬೇರೆ, ತಳ್ಳಿಸಿಕೊಂಡು ಓದುವುದು ಬೇರೆ. ಪಿಯುಸಿಯಲ್ಲಿ ವಿಜ್ಞಾನ ಬಿಟ್ಟ ದಿನವೇ ವೈದ್ಯಕೀಯ, ಬಿ.ಎಸ್‌ಸಿ. ಕೃಷಿ, ನೇರವಾಗಿ ಇಂಜಿನಿಯರಿಂಗ್ ಸೇರುವ ಬಾಗಿಲು ಮುಚ್ಚುತ್ತದೆ. ಇಂಜಿನಿಯರಿಂಗಿಗೆ ಭೌತಶಾಸ್ತ್ರ, ಗಣಿತ ಎರಡೂ ಬೇಕೇ ಬೇಕು. ಡಾಕ್ಟರಾಗಲು ಗಣಿತ ಬೇಡ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು, ಮೇಲೆ ನೀಟ್ ಪರೀಕ್ಷೆ. ಗಣಿತಕ್ಕೆ ಹೆದರಿ ಡಾಕ್ಟರಾಗುವ ಆಸೆಯನ್ನೇ ಬಿಟ್ಟ ಹುಡುಗಿಗೆ ಈ ಒಂದು ವಾಕ್ಯವನ್ನು ಯಾರೂ ಹೇಳಿರಲಿಲ್ಲ. ಅವಳ ಬುದ್ಧಿ ಕಡಿಮೆಯಿರಲಿಲ್ಲ, ಸುದ್ದಿ ಕಡಿಮೆಯಿತ್ತು.

ಪಿಯುಸಿ ಒಂದೇ ದಾರಿಯಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಇದೆ. ಅದು ಮುಗಿಸಿ ಡಿಸಿಇಟಿ ಬರೆದರೆ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು. ಲೆಕ್ಕ ಹಾಕಿ ನೋಡಿ: ಪಿಯುಸಿ ದಾರಿಯಲ್ಲಿ ಎರಡು ಮತ್ತು ನಾಲ್ಕು, ಆರು ವರ್ಷ. ಡಿಪ್ಲೊಮಾ ದಾರಿಯಲ್ಲಿ ಮೂರು ಮತ್ತು ಮೂರು, ಅದೂ ಆರೇ ವರ್ಷ. ವ್ಯತ್ಯಾಸ ಇಷ್ಟೇ. ನಡುವೆ ಅಪ್ಪ ಹಾಸಿಗೆ ಹಿಡಿದು ಓದು ನಿಲ್ಲಿಸಬೇಕಾಗಿ ಬಂದರೆ ಡಿಪ್ಲೊಮಾದವನ ಕೈಯಲ್ಲಿ ಕೆಲಸ ಹುಡುಕಲು ಒಂದು ಸರ್ಟಿಫಿಕೇಟು ಇರುತ್ತದೆ. ಮನೆಯಲ್ಲಿ ನಾಳೆಗೆ ಅಕ್ಕಿ ಇದೆಯೋ ಇಲ್ಲವೋ ಎನ್ನುವವರಿಗೆ ಇದು ಸಣ್ಣ ಮಾತಲ್ಲ. ಎರಡು ವರ್ಷದ ಐಟಿಐನಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಕಲಿತವರು ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಅರ್ಜಿ ಹಾಕಬಹುದು. ರೈಲು ಓಡಿಸುವ ಕೆಲಸ ಅದು. "ಐಟಿಐ ದಡ್ಡರಿಗೆ" ಎನ್ನುವವರ ಮನೆಯಲ್ಲಿ ಕರೆಂಟು ಹೋದಾಗ ಯಾರನ್ನು ಕರೆಯುತ್ತಾರೆ, ಕೇಳಿ.

ಇನ್ನು ಆರ್ಟ್ಸ್ ಓದಿದವರು. ಬಿ.ಎ. ಅಂದರೆ ಬರೀ ಕಾಗದ ಅಂತ ನಗುವವರಿದ್ದಾರೆ. ಸುಮ್ಮನೆ ಮೂರು ವರ್ಷ ಕಳೆದು ಪದವಿ ತಂದರೆ ಅದು ಕಾಗದವೇ. ಆದರೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿದ್ದು ಓದಿದರೆ ಅದು ಮೆಟ್ಟಿಲು. ಯಾವುದೇ ವಿಷಯದಲ್ಲಿ ಪಿಯುಸಿ ಆಗಿದ್ದರೂ ಐದು ವರ್ಷದ ಕಾನೂನು ಪದವಿಗೆ ಸೇರಬಹುದು, ಪದವಿ ಆದವರಿಗೆ ಮೂರು ವರ್ಷದ್ದಿದೆ. ನಮ್ಮವರಿಗೆ ಶೇಕಡ 40 ಅಂಕ ಇದ್ದರೆ ಅರ್ಹತೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಐದು ವರ್ಷದ ಪದವಿಗೆ ಸೇರಲು ಕ್ಲಾಟ್ ಎನ್ನುವ ಬೇರೆ ಪರೀಕ್ಷೆ. ಆ ಹೆಸರನ್ನೇ ಕೇಳದ ಹಾಸ್ಟೆಲ್ಲುಗಳು ಎಷ್ಟಿವೆಯೋ! ಹೈಸ್ಕೂಲು ಮೇಷ್ಟರಾಗಲು ಪದವಿಯ ಮೇಲೆ ಎರಡು ವರ್ಷದ ಬಿ.ಎಡ್. ಬೇಕು. ಕಾಲೇಜಿನಲ್ಲಿ ಪಾಠ ಹೇಳಲು ಎಂ.ಎ. ಮಾಡಿ ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಪದವಿ. ಕೆಎಎಸ್, ಐಎಎಸ್‌ಗೂ ಯಾವುದಾದರೂ ಒಂದು ಪದವಿ ಸಾಕು. ಯುಪಿಎಸ್‌ಸಿ ಸಿವಿಲ್ ಸರ್ವಿಸ್ ಪರೀಕ್ಷೆಗೆ ಪರಿಶಿಷ್ಟರಿಗೆ ವಯಸ್ಸಿನ ಮಿತಿ 37. ಅಲ್ಲಿವರೆಗೆ ಎಷ್ಟು ಸಲ ಬೇಕಾದರೂ ಬರೆಯಬಹುದು, ಅರ್ಜಿ ಶುಲ್ಕವೂ ಇಲ್ಲ. ಒಂದು ಸಲ ಫೇಲಾಗಿ ಊರಿಗೆ ಹೋಗಿ ಕೂತವರು ಇದನ್ನು ಓದಲಿ.

ಬಾಬಾಸಾಹೇಬರನ್ನು ನಾವು ಫೋಟೋದಲ್ಲಿ ನೋಡುತ್ತೇವೆ. ನೀಲಿ ಕೋಟು, ಕೈಯಲ್ಲಿ ಪುಸ್ತಕ. ಅವರು ದಾರಿ ಆರಿಸಿಕೊಂಡ ಬಗೆಯನ್ನು ನೋಡುವುದು ಕಡಿಮೆ. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾಕ್ಕೆ ಹೋದರು. ಓದಿ ಬಂದ ಮೇಲೆ ಸಂಸ್ಥಾನದ ಕೆಲಸ ಮಾಡಬೇಕು ಅಂತ ಷರತ್ತಿತ್ತು. 1917ರಲ್ಲಿ ಬರೋಡಾಕ್ಕೆ ಹೋದರೆ ಅಷ್ಟು ದೊಡ್ಡ ವಿದ್ವಾಂಸನಿಗೆ ಬಾಡಿಗೆಗೆ ಒಂದು ಕೋಣೆ ಸಿಗಲಿಲ್ಲ. ಆ ಊರು ಬಿಟ್ಟು ಬಂದರು. ಆದರೆ ಓದು ಬಿಡಲಿಲ್ಲ. ಮುಂಬೈಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ದುಡ್ಡು ಕೂಡಿಟ್ಟು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಅರ್ಥಶಾಸ್ತ್ರದ ಜೊತೆಗೆ ಬ್ಯಾರಿಸ್ಟರ್ ಓದನ್ನೂ ಮುಗಿಸಿದರು. ವಕೀಲಿಕೆ ಯಾಕೆ ಹಿಡಿದರು? ಯಾವ ದೊರೆಯ ಹಂಗೂ ಇಲ್ಲದೆ ಹೊಟ್ಟೆ ಹೊರೆದುಕೊಂಡು ಜನರ ಕೆಲಸ ಮಾಡಲು ಅದರಲ್ಲಿ ಜಾಗವಿತ್ತು. ಉದ್ಯೋಗ ಆರಿಸುವುದೆಂದರೆ ಇದು. ಸಂಬಳ ಎಷ್ಟು ಅಂತ ಮಾತ್ರವಲ್ಲ, ತಲೆ ಎಷ್ಟು ಎತ್ತಿ ನಡೆಯಬಹುದು ಅಂತಲೂ ನೋಡುವುದು. ಅವರು ವೈಸ್‌ರಾಯ್ ಮಂಡಲಿಯಲ್ಲಿ ಸದಸ್ಯರಾಗಿದ್ದ ಕಾಲದಲ್ಲೇ, 1944ರಲ್ಲಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಇವತ್ತು ನಾವು ಅರ್ಜಿ ಹಾಕುವ ವಿದ್ಯಾರ್ಥಿವೇತನದ ಬೇರು ಅದು. ಯಾರೋ ಕೊಟ್ಟ ಭಿಕ್ಷೆಯಲ್ಲ.

ಆದರೆ ವೇತನ ತಡವಾದರೆ ಏನಾಗುತ್ತದೆ? 2024ರಲ್ಲಿ ಇಡೀ ದೇಶ ನೋಡಿತು. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಒಬ್ಬ ದಲಿತ ಹುಡುಗ, ದಿನಗೂಲಿಯವನ ಮಗ, ಧನ್‌ಬಾದ್ ಐಐಟಿಯಲ್ಲಿ ಸೀಟು ಗೆದ್ದ. 17,500 ರೂಪಾಯಿ ಕಟ್ಟಬೇಕಿತ್ತು. ದುಡ್ಡು ಹೊಂದಿಸುವಷ್ಟರಲ್ಲಿ ಗಡುವು ಮುಗಿದು ಸೀಟು ಹೋಯಿತು. ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. ಆ ವರ್ಷ ಸೆಪ್ಟೆಂಬರ್ 30ರಂದು ಕೋರ್ಟು ಅವನಿಗೆ ಸೀಟು ಕೊಡಿಸಿತು. ಸಂತೋಷ. ಆದರೆ ಎಲ್ಲರೂ ದಿಲ್ಲಿಗೆ ಹೋಗಲು ಆಗುತ್ತದೆಯೇ? ಪ್ರತಿಭೆ ಇತ್ತು, ಸೀಟೂ ಬಂದಿತ್ತು, ಸೋಲಿಸಿದ್ದು ದುಡ್ಡು ಮತ್ತು ಗಡಿಯಾರ. ಆದ್ದರಿಂದ ಗೆಳೆಯರೇ, ತಾರೀಖೂ ಒಂದು ಪಾಠವೇ. ಜಾತಿ ಪತ್ರ, ಆದಾಯ ಪತ್ರ ನಾಡಕಚೇರಿಯಿಂದ ಈಗಲೇ ತೆಗೆಸಿಡಿ, ಅದರ ಆರ್‌ಡಿ ನಂಬರು ಬರೆದಿಟ್ಟುಕೊಳ್ಳಿ. ಆದಾಯ ಪತ್ರದ ಅವಧಿ ಮುಗಿದಿದೆಯೇ ನೋಡಿ. ಆಧಾರಿನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದರೆ ಇಂದೇ ಸರಿ ಮಾಡಿಸಿ. ಸಿಇಟಿ ಆದ ಮೇಲೆ ಆಪ್ಷನ್ ಎಂಟ್ರಿಯಲ್ಲಿ ಎರಡೇ ಕಾಲೇಜು ಬರೆದು ಸುಮ್ಮನಾಗಬೇಡಿ. ಮೇಲಿನಿಂದ ಕೆಳಕ್ಕೆ ನೋಡುತ್ತಾ ನಿಮ್ಮ ರ‍್ಯಾಂಕಿಗೆ ಮೊದಲು ಸಿಕ್ಕಿದ್ದನ್ನು ಕೊಡುತ್ತಾರೆ. ತುಂಬಾ ಬೇಕಾದದ್ದನ್ನು ಮೇಲೆ ಬರೆಯಿರಿ, ಪಟ್ಟಿ ಉದ್ದವಿರಲಿ.

ಅಕ್ಕತಂಗಿಯರ ಮಾತನ್ನು ಬೇರೆಯಾಗಿ ಹೇಳಬೇಕು. "ಡಿ.ಎಡ್. ಮಾಡ್ಸಿ ಮದುವೆ ಮಾಡ್ಬುಡಾನ", "ನರ್ಸ್ ಆದ್ರೆ ಸಾಕು" ಎನ್ನುವ ಮಾತು ನಮ್ಮ ಕೇರಿಗಳಲ್ಲೂ ಇದೆ. ಮೇಷ್ಟ್ರಮ್ಮ ಆಗುವುದೂ ನರ್ಸ್ ಆಗುವುದೂ ದೊಡ್ಡ ಕೆಲಸವೇ. ಆದರೆ ಅಲ್ಲೂ ತಿಳಿದು ಹೋಗಲಿ. ಮೂರು ವರ್ಷದ ಜಿಎನ್‌ಎಂ ಬೇರೆ, ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್ ಬೇರೆ. ಮುಂದೆ ಎಂ.ಎಸ್‌ಸಿ. ಮಾಡಿ ನರ್ಸಿಂಗ್ ಕಾಲೇಜಿನಲ್ಲೇ ಪಾಠ ಹೇಳಬೇಕೆಂದರೆ ಬಿ.ಎಸ್‌ಸಿ. ಬೇಕು. ತಮ್ಮನನ್ನು ಓದಿಸಲು ಅಕ್ಕನ ಓದು ಬಿಡಿಸುವ ಮನೆ ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕಿದರೆ ಏನು ಬಂತು?

ಇನ್ನೊಂದು ಮಾತು. ಸರ್ಕಾರಿ ನೌಕರಿ ನಮ್ಮ ಹಕ್ಕು, ಸಂವಿಧಾನ ಕೊಟ್ಟಿರುವುದು. ಆದರೆ ಸರ್ಕಾರದ ಎಷ್ಟೋ ಕೆಲಸ ಇವತ್ತು ಗುತ್ತಿಗೆಗೆ, ಹೊರಗುತ್ತಿಗೆಗೆ ಹೋಗಿದೆ. ಖಾಸಗಿ ಕಂಪನಿಗಳಲ್ಲಿ ಮೀಸಲಾತಿ ಇಲ್ಲ. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕಾಯಂ ಮಾಡಿ ಅಂತ ಬೀದಿಗೆ ಬಂದರು. ಬೀದಿ ಗುಡಿಸುವವರಲ್ಲಿ ಬಹುಪಾಲು ನಮ್ಮವರೇ ಯಾಕೆ? ಆ ಕೆಲಸಕ್ಕೆ ಮಾತ್ರ ಯಾರೂ "ಪ್ರತಿಭೆ"ಯ ಮಾತೆತ್ತುವುದಿಲ್ಲ ಯಾಕೆ? ಮಲ ಹೊರಿಸುವುದನ್ನು 2013ರ ಕಾಯಿದೆ ಅಪರಾಧ ಎನ್ನುತ್ತದೆ. ಅಮ್ಮನ ಪೊರಕೆ ಮಗಳ ಕೈಗೆ ಬರುವುದನ್ನು ತಡೆಯಲು ಕಾಯಿದೆ ಒಂದೇ ಸಾಲದು. ಮಗಳಿಗೆ ಬೇರೆ ಬಾಗಿಲು ಗೊತ್ತಿರಬೇಕು. ನೌಕರಿಗಾಗಿ ಹೋರಾಡುತ್ತಲೇ ಕಾನೂನು, ಪತ್ರಿಕೆ, ಲೆಕ್ಕಪರಿಶೋಧನೆ, ಯಂತ್ರ, ಕ್ಯಾಮೆರಾ, ನಾಟಕ, ಎಲ್ಲ ಕಡೆಗೂ ನಮ್ಮವರು ನುಗ್ಗಬೇಕು. ಸಿಎ ಓದಲು ಪಿಯುಸಿ ಆದ ಮೇಲೆಯೇ ಫೌಂಡೇಶನ್ ಪರೀಕ್ಷೆ ಬರೆಯಬಹುದು. ನಮ್ಮ ಎಷ್ಟು ಕಾಮರ್ಸ್ ಹುಡುಗರಿಗೆ ಇದು ಗೊತ್ತು?

ಹಾಗಾದರೆ ಮಾಡುವುದೇನು? ಒಬ್ಬನ ತಲೆಯಲ್ಲಿರುವುದನ್ನು ಎಲ್ಲರದ್ದು ಮಾಡುವುದು. ಪ್ರತಿ ಹಾಸ್ಟೆಲ್ಲಿನಲ್ಲೂ ಒಂದು ದಪ್ಪ ರಿಜಿಸ್ಟರ್ ಇಡಿ. ಯಾವ ಕೋರ್ಸು, ಎಷ್ಟು ವರ್ಷ, ಯಾವ ಪರೀಕ್ಷೆ, ಅರ್ಜಿ ಯಾವಾಗ, ಫೀಸು ಎಷ್ಟು, ಇಲ್ಲಿಂದ ಯಾರು ಹೋಗಿದ್ದಾರೆ, ಬರೆಯಿರಿ. ನಿಯಮ ವರ್ಷ ವರ್ಷ ಬದಲಾಗುತ್ತದೆ, ತಿದ್ದುತ್ತಾ ಹೋಗಿ. ಊಟದ ಹಾಲಿನ ಗೋಡೆಗೆ ತಾರೀಖುಗಳನ್ನು ದೊಡ್ಡ ಅಕ್ಷರದಲ್ಲಿ ಅಂಟಿಸಿ. ಫೇಲಾದವನೂ ಬರೆಯಲಿ, ಯಾವ ಕಲ್ಲಿಗೆ ಎಡವಿದೆ ಅಂತ ಹೇಳಲಿ. ಕೆಲಸಕ್ಕೆ ಸೇರಿದ ಅಣ್ಣಂದಿರು, ಅಕ್ಕಂದಿರು ತಿಂಗಳಿಗೆ ಒಂದು ಭಾನುವಾರ ಹಾಸ್ಟೆಲ್ಲಿಗೆ ಬರಲಿ. ಹಾರ ತುರಾಯಿ ಬೇಡ, ಅರ್ಜಿ ತುಂಬಿಸಿಕೊಟ್ಟು ಹೋಗಲಿ. ಈ ಹಾಸ್ಟೆಲ್ಲಿನ ಅನ್ನ ಉಂಡು ಮೇಲೆ ಹೋದವರು ನಗರದ ಬಡಾವಣೆಯಲ್ಲಿ ಜಾತಿ ಮುಚ್ಚಿಕೊಂಡು ಕೂತರೆ, ದಾರಿಯನ್ನು ಮನೆಯೊಳಗೆ ಬಚ್ಚಿಟ್ಟ ಊರಿನವರಿಗೂ ಅವರಿಗೂ ವ್ಯತ್ಯಾಸವೇನು?

ಇಲಾಖೆಯನ್ನೂ ಕೇಳೋಣ. ಹಾಸ್ಟೆಲ್ಲು ಅಂದರೆ ಅನ್ನ, ಸಾರು, ಚಾಪೆ ಮಾತ್ರವಲ್ಲ. ದಾರಿ ತಿಳಿದವರು ಒಬ್ಬರು ಇರಲಿ, ಕೆಲಸ ಮಾಡುವ ಕಂಪ್ಯೂಟರು ಇರಲಿ, ಕಾಲೇಜಿಗೆ ಫೀಸು ಕಟ್ಟುವ ಗಡುವಿನೊಳಗೆ ವಿದ್ಯಾರ್ಥಿವೇತನ ಕೈಸೇರಲಿ. ಇಷ್ಟು ಕೊಡಲಾಗದಿದ್ದರೆ ಹಾಸ್ಟೆಲ್ಲನ್ನು ಛತ್ರ ಅಂತ ಕರೆಯಲಿ.

ಹಿಂದೆ ನಮಗೆ ಅಕ್ಷರ ನಿಷೇಧವಿತ್ತು. ಕದ್ದು ಕಲಿತೆವು, ಕೇಳಿ ಕಲಿತೆವು, ಕಿತ್ತುಕೊಂಡು ಕಲಿತೆವು. ಈಗ ಅಕ್ಷರ ಬಂದಿದೆ, ಅದು ಎಲ್ಲಿಗೆ ಕರೆದೊಯ್ಯುತ್ತದೆ ಎನ್ನುವ ಗುಟ್ಟು ಇನ್ನೂ ಕೆಲವು ಮನೆಗಳ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆ ಒಡೆಯೋಣ. ಈ ಪುಟ ಓದಿದವರು ಮಡಿಸಿ ಜೇಬಿಗಿಡಬೇಡಿ. ಪಕ್ಕದ ರೂಮಿನ ಎಸ್ಸೆಸ್ಸೆಲ್ಸಿ ತಮ್ಮನಿಗೆ, ತಂಗಿಗೆ ಓದಿ ಹೇಳಿ. ಆಮೇಲೆ ಕೇಳಿ: "ಮುಂದೇನು?" ಈ ಸಲ ಅವರು ನೆಲ ನೋಡಬಾರದು.

ಜೈ ಭೀಮ್.