ನೀಲಿಯ ಹಾಡು ಬೇಕು, ನೀಲಿ ಬೇಡವೆ?

1954ರ ಮಲಯಾಳಂ ಚಿತ್ರ 'ನೀಲಕ್ಕುಯಿಲ್' ಹೆಸರೆತ್ತಿದರೆ ಸಾಕು, ಪಂಡಿತರು ಅದರ ಹಾಡುಗಳ ಗುಣಗಾನಕ್ಕೆ ನಿಲ್ಲುತ್ತಾರೆ. ಆ ಹೊಗಳಿಕೆಯನ್ನು ನಾವೂ ಒಪ್ಪುತ್ತೇವೆ. ಅಲ್ಲಿಯತನಕ ಮಲಯಾಳಂ ಚಿತ್ರಗಳು ಹೆಚ್ಚಾಗಿ ಹಿಂದಿ, ತಮಿಳು ಧಾಟಿಗಳನ್ನೇ ಎರವಲು ತರುತ್ತಿದ್ದವು. ಆಕಾಶವಾಣಿಯಲ್ಲಿ ದುಡಿದ ಕೆ. ರಾಘವನ್ ತಮ್ಮ ನೆಲದ ಜನಪದ ಧಾಟಿಗಳತ್ತ ತಿರುಗಿದರು, ಪಿ. ಭಾಸ್ಕರನ್ ಆಡುಮಾತಿನಲ್ಲಿ ಹಾಡು ಕಟ್ಟಿದರು. ರಾಘವನ್ ತಾವೇ ಹಾಡಿದ 'ಕಾಯಲರಿಕತ್ತು' ಹಾಡಿನಲ್ಲಿ ಮಲಬಾರಿನ ಮುಸ್ಲಿಮರ ಮಾಪಿಳ್ಳೆ ಹಾಡಿನ ಲಯವಿದೆ. ಹಿನ್ನೀರಿಗೆ ಬಲೆ ಬೀಸುವವನ ಬದುಕು ಸಿನಿಮಾ ಹಾಡಿನೊಳಗೆ ಬಂತು. ಇದು ಸಣ್ಣ ಕೆಲಸವಲ್ಲ.

ಆದರೆ ಹಾಡಿಗೆ ತಲೆದೂಗುವವರನ್ನು ನಾವು ಕೇಳುತ್ತೇವೆ: ಕತೆ ಏನಾಯ್ತು ಸ್ವಾಮಿ? ನೀಲಿ ಗದ್ದೆಯಲ್ಲಿ ದುಡಿಯುವ ಅಸ್ಪೃಶ್ಯರ ಹೆಣ್ಣು. ಅವಳನ್ನು ಬಸಿರು ಮಾಡಿ ಕೈಬಿಟ್ಟವನು ಶ್ರೀಧರನ್ ನಾಯರ್, ಊರಿನ ಮೇಷ್ಟ್ರು. ಮಕ್ಕಳಿಗೆ ಅಕ್ಷರ ಕಲಿಸುವವನಿಗೆ ಜಾತಿ ಬಿಡುವ ಧೈರ್ಯವಿಲ್ಲ. ನೀಲಿ ಕೂಸು ಹೆತ್ತು ರೈಲು ಹಳಿಯ ಬಳಿ ಸಾಯುತ್ತಾಳೆ. ಕೂಸನ್ನು ಸಾಕುವವನು ಅಂಚೆಯ ಶಂಕರನ್ ನಾಯರ್. ಕೊನೆಗೆ ಮನಸ್ಸು ಕರಗಿ ಮಗನನ್ನು ಒಪ್ಪಿಕೊಳ್ಳುವವನೂ ಅದೇ ಮೇಷ್ಟ್ರು. ತಪ್ಪು ಮಾಡೋ ಹಕ್ಕೂ ಅವರದೇ, ದೊಡ್ಡವರಾಗೋ ಹಕ್ಕೂ ಅವರದೇ. ಅವರ ಮನಃಪರಿವರ್ತನೆಗೆ ನಮ್ಮವಳ ಹೆಣ ಬೇಕಾಯಿತು.

ಚಿತ್ರಕ್ಕೆ ರಾಷ್ಟ್ರಪತಿಗಳ ಬೆಳ್ಳಿ ಪದಕ ಬಂತು. ನೀಲಿಯಾಗಿ ನಟಿಸಿದ ಮಿಸ್ ಕುಮಾರಿ ದಲಿತಳಲ್ಲ. ಅದಕ್ಕಾಗಿ ಯಾರೂ ಕಲ್ಲೆಸೆಯಲಿಲ್ಲ. ಎಸೆಯಲೂಬಾರದು. ಆದರೆ ಅದಕ್ಕೆ ಕಾಲು ಶತಮಾನ ಮೊದಲು, 1928-30ರ ಹೊತ್ತಿನ ಮೊದಲ ಮಲಯಾಳಂ ಮೂಕಿ ಚಿತ್ರ 'ವಿಗತಕುಮಾರನ್'ದಲ್ಲಿ ಏನಾಯ್ತು? ಕಾಕ್ಕಾರಿಶ್ಶಿ ಎಂಬ ಜನಪದ ನಾಟಕದಿಂದ ಬಂದ ದಲಿತ ಹೆಣ್ಣು ಪಿ.ಕೆ. ರೋಸಿ ಅದರಲ್ಲಿ ನಾಯರ್ ಹೆಣ್ಣಿನ ಪಾತ್ರ ಮಾಡಿದಳು. ಮೇಲ್ಜಾತಿಯವರು ಪರದೆಗೆ ಕಲ್ಲು ಹೊಡೆದರು, ಅವಳನ್ನು ತಿರುವನಂತಪುರದಿಂದಲೇ ಓಡಿಸಿದರು. ಅವಳು ಮತ್ತೆ ತೆರೆಯ ಮೇಲೆ ಬರಲಿಲ್ಲ.

ಎರಡನ್ನೂ ಒಟ್ಟಿಗಿಟ್ಟು ನೋಡಿ. ಜನಪದದ ಧಾಟಿಗೆ ಚಿತ್ರಮಂದಿರದ ಬಾಗಿಲು ತೆರೆಯಿತು. ಜನಪದ ಆಡಿದ ಹೆಣ್ಣಿಗೆ ಅದೇ ಬಾಗಿಲಲ್ಲಿ ಕಲ್ಲು ಕಾದಿತ್ತು. ಧಾಟಿಗೆ ಮೈಯಿಲ್ಲ, ಮೈಲಿಗೆಯೂ ಇಲ್ಲ. ಹಾಡುವವಳಿಗೆ ಮೈಯುಂಟು, ಕೇರಿಯುಂಟು, ಕೇಳುವ ಬಾಯುಂಟು. ಅದೇ ಅವರ ಭಯ.

ಹಾಗಂತ ಹಾಡನ್ನು ಬಿಡಬೇಕೆ? ಖಂಡಿತ ಬೇಡ, ಅದು ನಮ್ಮ ಸೊತ್ತು. 'ನೀಲಕ್ಕುಯಿಲ್' ತೋರಿಸುವ ಗೆಳೆಯರೇ, ರೋಸಿಯ ಕತೆ ಹೇಳದೆ ದೀಪ ಆರಿಸಬೇಡಿ. ಹಳ್ಳಿಯ ಮೇಷ್ಟ್ರುಗಳೇ, ಶ್ರೀಧರನ್ ನಾಯರನ ಕಣ್ಣೀರಿಗೆ ಮರುಗುವ ಮುನ್ನ ನಿಮ್ಮ ಶಾಲೆಯ ನೀಲಿಯರು ಯಾವ ಸಾಲಲ್ಲಿ ಕೂತಿದ್ದಾರೆ, ನೋಡಿ. ಅವರ ಹಾಡನ್ನು ಅವರೇ ಹಾಡಲಿ, ಕತೆಯನ್ನೂ ಅವರೇ ಹೇಳಲಿ.